ಟೆಂಟು ಹಾಕುವ ಜಾಗ

ಸೆಂಚುರಿಯನ್ ಬಡಾವಣೆಯ ನಮ್ಮ ಹೊಸ ಮನೆಯ ಹಿತ್ತಲನ್ನು ಮೊದಲ ಸಲ ನೋಡಿದಾಗ ಅತ್ತೆ ಈಜುಕೊಳವನ್ನು ಹೊಗಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಮೂಲೆಮೂಲೆಗೂ ಕಣ್ಣಾಡಿಸಿ ಮಗನನ್ನು ಕೇಳಿದರು:

"ಅಲ್ವೋ ಲೆಸಿಬಾ, ನಾನು ಸತ್ತಾಗ ಟೆಂಟು ಎಲ್ಲಿ ಹಾಕ್ತೀಯ?"

"ಅಮ್ಮ, ಈಗ್ಯಾಕೆ ಆ ಮಾತು?"

"ಇನ್ಯಾವಾಗ ಆಡ್ಲಿ? ಸತ್ತ ಮೇಲಾ?"

ಕೇಳಿದ್ದು ನ್ಯಾಯವಾಗಿಯೇ ಇತ್ತು. ಕೂಲಿಕಾರರ ಹಳೆ ಕೇರಿ ಮಮೆಲೋಡಿಯಲ್ಲಿ ಅವರ ಮನೆ ಬೆಂಕಿಪೊಟ್ಟಣದಷ್ಟಿದ್ದರೂ ಮುಂದೆ ಅಂಗಳವಿದೆ. ಮಾವ ತೀರಿಕೊಂಡಾಗ ಜನ ಕೂರುವ ಟೆಂಟು ಅಲ್ಲೇ ನಿಂತಿತ್ತು. ಶುಕ್ರವಾರ ಸಂಜೆ ಶವಪೆಟ್ಟಿಗೆ ಮನೆಗೆ ಬರಬೇಕು, ಬೆಳಗಿನವರೆಗೆ ಹಾಡಬೇಕು, ಮಣ್ಣಿಗೆ ಹೋಗಿ ಬಂದವರು ಗೇಟಿನ ಹತ್ತಿರ ಬೋಗುಣಿಯಲ್ಲಿ ಕೈ ತೊಳೆದು ಊಟಕ್ಕೆ ಕೂರಬೇಕು. ನಮ್ಮಲ್ಲಿ ಮುಂದಿನ ಜಾಗ ಕಾರುಗಳಿಗೆ, ಹಿಂದಿನದು ನೀರಿಗೆ.

"ಕೈ ತೊಳೆಯೋಕೆ ಬೋಗುಣಿ ಮಾತ್ರ ದೊಡ್ಡದೇ ಕಟ್ಟಿಸಿದ್ದೀಯಪ್ಪ," ಎಂದು ಅತ್ತೆ ಕೊಳದ ಕಡೆ ಗದ್ದ ಎತ್ತಿ ತೋರಿಸಿದರು.

ಅತ್ತೆ ಮಮೆಲೋಡಿಯಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಾಗಿನಿಂದ ಲೆಸಿಬಾ ತಾಯಿಯನ್ನು ನಮ್ಮ ಜೊತೆ ಇರಿಸಿಕೊಳ್ಳಲು ಹೆಣಗುತ್ತಿದ್ದ. ಅವರದು ಒಂದೇ ಪಟ್ಟು.

"ಅಲ್ಲಿ ಬಿದ್ರೆ ಪಕ್ಕದ್ಮನೆಯೋರು ಓಡಿ ಬಂದು ಎತ್ತಿದ್ರು. ಇಲ್ಲಿ ಸತ್ರೂ ಯಾರ್ ಬರ್ತಾರೆ? ಬಡಾವಣೆ ಗೇಟಿನ ಕಾವಲಿನೋನು ನಮ್ಮ ಸಂಘದ ಹೆಂಗಸರನ್ನೆಲ್ಲ ಫೋನ್ ನಂಬರ್ ಕೇಳ್ತಾನೆ. ಪೆಟ್ಟಿಗೇಲಿರೋ ನನ್ನನ್ನೂ ಕೇಳ್ತಾನೆ."

ನನ್ನ ಗಂಡನ ಬುದ್ಧಿ ಗೆರೆ ಎಳೆದಂತೆ ನೇರ. ಜಾಗವಿಲ್ಲ ಎಂದರೆ ಜಾಗ ಕಟ್ಟಿಸಿದರಾಯಿತು. ಕೊಳದ ಪಕ್ಕಕ್ಕೆ ಟೆಂಟಿನ ಬದಲು ಒಂದು ಲಾಪಾ ಎಬ್ಬಿಸುವುದೆಂದಾಯಿತು: ಗೋಡೆಯಿಲ್ಲ, ನೀಲಗಿರಿ ಕಂಬಗಳ ಮೇಲೆ ದಪ್ಪನೆಯ ಹುಲ್ಲಿನ ಮಾಡು. ಸಾವಿನ ಮಾತು ಮುಚ್ಚಿಟ್ಟು ಸ್ನೇಹಿತರಿಗೆ ಅವನು ಮಾಂಸ ಸುಡುವ ಒಲೆ, ಕಲ್ಲಿನ ಬಾರ್ ಕಟ್ಟೆ, ಎತ್ತರದ ಸ್ಟೂಲುಗಳ ಬಗ್ಗೆಯಷ್ಟೇ ಹೇಳಿದ್ದ.

ಹುಲ್ಲು ಹೊದಿಸುವಷ್ಟು ದಿನವೂ ಅದರ ಪುಡಿ ಕೊಳಕ್ಕೆ ಉದುರಿತು, ಗೋಡೆಯಾಚೆಗೂ ಹಾರಿತು. ಪಕ್ಕದ ಮನೆಯ ಮಿಸೆಸ್ ಫರ್ಮಾಕ್ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ದೂರು ಹಾಕಿದರು. ಲೆಸಿಬಾ ಕೈಮುಗಿದ ಚಿತ್ರವೊಂದನ್ನು ಕಳಿಸಿದ. ಎರಡು ಮನೆಗಳ ನಡುವೆ ಅಲ್ಲಿಯವರೆಗೆ ನಡೆದಿದ್ದ ಮಾತುಕತೆ ಅಷ್ಟೇ.

ಅತ್ತೆ ಭಾನುವಾರದ ಪ್ರಾರ್ಥನೆ ಮುಗಿಸಿ ನೆಟ್ಟಗೆ ಕೆಲಸ ನೋಡಲು ಬರುತ್ತಿದ್ದರು. ನಡುವಿನ ಕಂಬದ ಸುತ್ತ ಒಂದು ಸುತ್ತು ಬಂದು ಮೇಸ್ತ್ರಿ ಮುಡಾವ್‌ನನ್ನು ಕೇಳಿದರು:

"ಪೆಟ್ಟಿಗೆ ಹೊತ್ತೋರು ಇಲ್ಲಿ ತಿರುಗೋಕಾಗುತ್ತೇನಪ್ಪ?"

ಮುಡಾವ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಮ್ಮ, ಇದು ಮಾಂಸ ಸುಡೋ ಜಾಗ!" ಎಂದ ಲೆಸಿಬಾ.

"ಸುಡು, ಬೇಡ ಅಂದ್ನಾ? ಸುಡೋಕೆ ಒಲೆ ಸಾಕು. ಆ ಕಟ್ಟೆ ಯಾಕೆ? ನನ್ನ ಹೆಣದ ಮುಂದೆ ಬಿಯರ್ ಮಾರ್ತೀಯಾ?"

ಕಂಬ ಅಂಚಿಗೆ ಸರಿಯಿತು. ಕಟ್ಟೆ ಹೋಯಿತು. ಅದರ ಮೇಲೆ ನನಗೆ ಆಸೆಯಿತ್ತು. ಅತ್ತೆಯ ಮೇಲೆ ವಾರವಿಡೀ ಸಿಟ್ಟಿನಲ್ಲೇ ಇದ್ದೆ.

ಕೆಲಸ ಮುಗಿದ ಭಾನುವಾರ ಅವರು ತಿಂಗಳು ತಿಂಗಳು ಚಂದಾ ಕೂಡಿಸಿ ಸತ್ತವರ ಖರ್ಚು ನೋಡಿಕೊಳ್ಳುವ ತಮ್ಮ ಶವಸಂಸ್ಕಾರ ಸಂಘದ ಹೆಂಗಸರನ್ನು ವ್ಯಾನಿನಲ್ಲಿ ತುಂಬಿಸಿಕೊಂಡು ಬಂದರು. ಎಲ್ಲರೂ ನೇರಳೆ ರವಿಕೆಯ ಸಮವಸ್ತ್ರದಲ್ಲಿದ್ದರು. ಮಾಡಿನಡಿ ಕುರ್ಚಿ ಹಾಕಿಕೊಂಡು ಕೂತರು, ಎದ್ದರು, ಪೆಟ್ಟಿಗೆ ಇಡುವ ಜಾಗ ನೋಡಿದರು.

"ಧ್ವನಿ ಹೆಂಗೆ ನಿಲ್ಲುತ್ತೆ ನೋಡ್ರೇ," ಎಂದರು ಅತ್ತೆ.

ಎಲ್ಲರೂ ಸೇರಿ ಸಾವಿನ ರಾತ್ರಿಯ ಹಾಡನ್ನು ಎತ್ತಿದರು. ಹುಲ್ಲಿನ ಮಾಡು ಅದನ್ನು ಹಿಡಿದು ನೀರಿನ ಮೇಲೆ ಬಿಟ್ಟಿತು. ಇಡೀ ಬೀದಿಗೆ ಕೇಳಿಸಿರಬೇಕು. ಸ್ವಲ್ಪ ಹೊತ್ತಿನಲ್ಲಿ ಗೇಟಿನ ಗಂಟೆ ಸದ್ದಾಯಿತು.

ಮಿಸೆಸ್ ಫರ್ಮಾಕ್ ನಿಂತಿದ್ದರು. ಇನ್ನೊಂದು ದೂರು ಎಂದುಕೊಂಡು ಲೆಸಿಬಾ ಮುಖ ಸಿದ್ಧಮಾಡಿಕೊಂಡ. ಆದರೆ ಅವರು ಕಪ್ಪು ಬಟ್ಟೆ ಹಾಕಿದ್ದರು. ಕೈಯಲ್ಲಿ ಬಟ್ಟೆ ಮುಚ್ಚಿದ ಹಾಲಿನ ಸಿಹಿತಿಂಡಿಯ ತಟ್ಟೆಯಿತ್ತು.

"ಹಾಡು ಕೇಳಿಸ್ತು. ನಿಮ್ಮಮ್ಮ ಹೋಗ್ಬಿಟ್ರು ಅನ್ಕೊಂಡೆ. ಸುಮ್ನೆ ಕೂರೋಕೆ ಆಗ್ಲಿಲ್ಲ."

ಹೆಂಗಸರ ನಡುವಿನಿಂದ ಅತ್ತೆ ಎದ್ದು ಬಂದರು.

"ಆ ಅಮ್ಮ ನಾನೇ. ಇನ್ನೂ ಹೋಗಿಲ್ಲ. ಹಾಗಂತ ತಂದಿದ್ದನ್ನ ವಾಪಸ್ ಒಯ್ಬೇಡಿ, ಬನ್ನಿ ಕೂತ್ಕೊಳ್ಳಿ. ಯಜಮಾನ್ರು ಬರ್ಲಿಲ್ವಾ?"

"ಹೋದ ಚಳಿಗಾಲದಲ್ಲಿ ತೀರ್ಕೊಂಡ್ರು."

"ಅಯ್ಯೋ. ಮಣ್ಣಿಗೆ ಜನ ಬಂದಿದ್ರಾ?"

"ಮಗಳು ಬಂದಿದ್ಲು. ಪಾದ್ರಿಗಳಿದ್ರು."

"ಈ ಬೀದಿಯೋರು?"

ಮಿಸೆಸ್ ಫರ್ಮಾಕ್ ತಟ್ಟೆಯ ಮೇಲಿನ ಬಟ್ಟೆಯನ್ನು ಸರಿಮಾಡಿದರು. ಅತ್ತೆ ತಿರುಗಿ ಮೊದಲು ಮಗನನ್ನು, ಆಮೇಲೆ ನನ್ನನ್ನು ನೋಡಿದರು. ಹೋದ ಚಳಿಗಾಲದಲ್ಲಿ ನಾವು ಇದೇ ಗೋಡೆಯ ಈಚೆ ಇದ್ದೆವು. ಕೊಳಕ್ಕೆ ಹೊಸ ಟೈಲ್ಸ್ ಹಾಕಿಸುತ್ತಿದ್ದೆವು. ನನಗೆ ನಾಚಿಕೆಯಾಯಿತು. ಲೆಸಿಬಾ ಹುಲ್ಲಿನ ಮಾಡನ್ನು ನೋಡುತ್ತಾ ನಿಂತ.

"ಶನಿವಾರ ನನ್ನ ಮಂಚ ತಂದ್ಬಿಡೋ, ಇನ್ಮೇಲೆ ಇಲ್ಲೇ ಇರ್ತೀನಿ," ಎಂದರು ಅತ್ತೆ.

"ಹಂಗಾದ್ರೆ ಟೆಂಟಿನ ಬದಲು ಈ ಜಾಗ ಸಾಲುತ್ತಾ ಅಮ್ಮ?"

"ಜಾಗದ ಮಾತು ಬಿಡು. ಸಾಯೋಕೆ ಮುಂಚೆ ಈ ಬೀದಿಯೋರಿಗೆ ಸಾವಿನ ಮನೆಗೆ ಬರೋದನ್ನ ಕಲಿಸ್ಬೇಕು." ಆಮೇಲೆ ಮಿಸೆಸ್ ಫರ್ಮಾಕ್ ಕಡೆ ತಿರುಗಿದರು. "ನಿಮ್ಮ ಯಜಮಾನ್ರ ಹೆಸರೇನಮ್ಮ?"

"ಖೆರಿಟ್."

ಹೆಂಗಸರು ಸೆರಗಿನಂತೆ ಹೊದ್ದಿದ್ದ ಕಂಬಳಿಗಳನ್ನು ಹೆಗಲಿಗೆ ಸರಿಪಡಿಸಿಕೊಂಡು ಎದ್ದು ನಿಂತರು. ಹಾಡನ್ನು ಮೊದಲಿನಿಂದ ಎತ್ತಿದರು, ಈ ಸಲ ಖೆರಿಟ್ ಅವರ ಹೆಸರು ಸೇರಿಸಿ. ನಾನು ಒಳಗೆ ಹೋಗಿ ಬೋಗುಣಿಗೆ ನೀರು ತುಂಬಿ ತಂದು ಗೇಟಿನ ಹತ್ತಿರ ಇಟ್ಟೆ.