ಒಂದೇ ಮೊಳೆಗೆ ಎರಡು ಮೈ

ಬುಗುರಿ ಆ ಮನೆಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಆಗಲೇ ಹೊರಡುವ ಯೋಚನೆ ಶುರುವಾಗಿತ್ತು. ಇದೇನೂ ಹೊಸದಲ್ಲ. ಒಂದು ಕಡೆ ನಿಂತ ಜೀವವೇ ಅಲ್ಲ ಅದು. ಚಿಕ್ಕವಳಿದ್ದಾಗ ಅಳತೆ ತೆಗೆಯಲು ನಿಲ್ಲಿಸಿದರೆ ಟೇಪು ಸುತ್ತುವಷ್ಟರಲ್ಲಿ ಎರಡು ಸುತ್ತು ತಿರುಗಿಬಿಡುತ್ತಿದ್ದಳಂತೆ. ಅಜ್ಜ ರೇಗಿ ಇಟ್ಟ ಹೆಸರು ಅದು, ಗಟ್ಟಿಯಾಗಿ ಅಂಟಿಕೊಂಡಿತು. ಈಗ ಮೂವತ್ತು ದಾಟಿದೆ. ಊರಿನ ಇನ್ನೊಂದು ತುದಿಯ ಡ್ರೈವಿಂಗ್ ಸ್ಕೂಲಿನಲ್ಲಿ ಜನಕ್ಕೆ ಕಾರು ಕಲಿಸುತ್ತಾಳೆ. ದಿನವಿಡೀ ಬೇರೆಯವರ ಪಕ್ಕ ಕೂತು, ತನ್ನ ಕಡೆಯ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಇರುವ ಕೆಲಸ. ಅವಳ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಈ ಸಲ ಬಂದು ನಾಲ್ಕು ದಿನ ಇರಲೇಬೇಕಿತ್ತು. ಸೋದರತ್ತೆ ಮೆಟ್ಟಿಲ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಳು. ಬುಗುರಿಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ಹೋದಳು. ಅಂದಿನಿಂದ ತಲೆ ಬಾಚಿದವಳು, ಗದರಿದವಳು, ಜ್ವರ ಬಂದರೆ ಪಕ್ಕ ಕೂತವಳು ಈ ಅತ್ತೆಯೇ. ಮದುವೆ ಅಂತ ಒಂದು ಮಾಡಿಕೊಳ್ಳಲಿಲ್ಲ. ಅಜ್ಜ ಹೋದ, ಅಪ್ಪ ಹೋದ, ಅಷ್ಟು ದೊಡ್ಡ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ಮಾಡಿಕೊಂಡು ಒಬ್ಬಳೇ ಉಳಿದಿದ್ದಳು.

ಮನೆ ಅಂದರೆ ಮೂರು ತಲೆಮಾರಿನ ಟೈಲರ್ ಮನೆ. ಕೆಳಗೆ ಅಂಗಡಿ, ಮೇಲೆ ವಾಸ. ಮೆಟ್ಟಿಲಿನ ತಿರುವುಗಳಲ್ಲಿ ತಲೆಯಿಲ್ಲದ ಮರದ ಬೊಂಬೆಗಳು ಬಿಳಿ ಹೊದಿಕೆ ಹೊದ್ದು ನಿಂತಿವೆ. ಹುಟ್ಟಿದಾಗಿನಿಂದ ನೋಡಿದ್ದರೂ ಅವುಗಳನ್ನು ದಾಟುವಾಗ ಬುಗುರಿ ಗೋಡೆಯ ಕಡೆಗೇ ಸರಿಯುತ್ತಾಳೆ. ಮೇಲಿನ ಓಣಿಯ ಕೊನೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಅದರೊಳಗೆ ಮನೆಯವರ ಮೈಗಳನ್ನು ತೂಗುಹಾಕಿದ್ದಾರೆ.

ಗಾಬರಿಯಾಗಬೇಡಿ, ಮೈ ಅಂದರೆ ಕಾಗದ. ಒಬ್ಬೊಬ್ಬರ ಅಳತೆಗೆ ಬೆನ್ನು, ಎದೆ, ತೋಳು ಅಂತ ದಪ್ಪ ಕಂದು ಕಾಗದದಲ್ಲಿ ಕತ್ತರಿಸಿ, ದಾರಕ್ಕೆ ಪೋಣಿಸಿ, ಗುರುತಿಗೆ ಅವರ ಬಟ್ಟೆಯದೇ ಒಂದು ಗುಂಡಿ ಕಟ್ಟಿ ಮೊಳೆಗೆ ಹಾಕುತ್ತಾರೆ. ಬೇರೆ ಟೈಲರುಗಳು ಅದನ್ನು ಪ್ಯಾಟರ್ನ್ ಅನ್ನುತ್ತಾರೆ, ಈ ಮನೆಯಲ್ಲಿ ಅದು ಮೈಕಾಗದ. ಮನುಷ್ಯ ದಪ್ಪಗಾದರೆ ಅದರ ಅಂಚಿಗೆ ಪಟ್ಟಿ ಅಂಟಿಸಬೇಕು, ಇಳಿದರೆ ಮಡಿಸಬೇಕು. ಹಳೆಯದು ಬಿಟ್ಟು ಹೊಸದು ಕತ್ತರಿಸುವಂತಿಲ್ಲ. ಬದುಕಿರುವವರದನ್ನು ಮೊಳೆಯಿಂದ ಇಳಿಸಿ ಮೂಲೆಗಿಡುವಂತಿಲ್ಲ, ಆಯಸ್ಸು ಕುಂದುತ್ತದಂತೆ. ಸತ್ತಮೇಲೆ ಮಾತ್ರ ಇಳಿಸಿ, ಮಡಿಸಿ, ಹೆಣದ ಜೊತೆಗೇ ಕಳಿಸುತ್ತಾರೆ. ಹಾಗಾಗಿ ಆ ಮನೆಯಲ್ಲಿ ಯಾರೂ ಸಾಯುವುದಿಲ್ಲ. ಮೊಳೆ ಖಾಲಿಯಾಗುತ್ತದೆ, ಅಷ್ಟೇ.

ಅಮ್ಮ ಅಂದರೆ ಬುಗುರಿಗೆ ಅಂಥದೊಂದು ಖಾಲಿ ಮೊಳೆ. ಒಂದು ಫೋಟೋ ಕೂಡ ಇರಲಿಲ್ಲ. ಅಪ್ಪನನ್ನು ಕೇಳಿದರೆ ಜ್ವರ ಅನ್ನುತ್ತಿದ್ದ. ಅಜ್ಜನನ್ನು ಕೇಳಿದರೆ ಕತ್ತರಿ ಕೆಳಗಿಟ್ಟು ಎದ್ದು ಹೋಗುತ್ತಿದ್ದ. ಅತ್ತೆಯದು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿನ ಮಾತು. ಅಮ್ಮ ಎತ್ತರವೋ ಕುಳ್ಳೋ, ದಪ್ಪವೋ ತೆಳುವೋ, ಅಳತೆಯನ್ನೇ ಉಂಡು ಬದುಕಿದ ಮನೆಯಲ್ಲಿ ಅದನ್ನು ಹೇಳುವವರು ಯಾರೂ ಇರಲಿಲ್ಲ. ಬುಗುರಿ ಎಲ್ಲಿಯೂ ನೆಲೆ ನಿಲ್ಲದಿದ್ದುದಕ್ಕೆ ಕಾರಣ ಇದೇ ಅಂತ ಅವಳಿಗೇ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಯಾರನ್ನೋ ಹುಡುಕುತ್ತಿರುವ ಹಾಗೆ, ಯಾರನ್ನು ಅಂತ ಗೊತ್ತಿಲ್ಲದ ಹಾಗೆ.

ಇನ್ನೊಂದು ವಿಚಿತ್ರವಿತ್ತು. ಬುಗುರಿಯ ಸ್ವಂತ ಮೈಕಾಗದ ನಾಲ್ಕನೇ ವರ್ಷದಿಂದ ಶುರುವಾಗಿತ್ತು. ಹುಟ್ಟಿದಾಗ ಕತ್ತರಿಸಿದ್ದನ್ನು ಇಲಿ ತಿಂದಿತು ಅಂತ ಅತ್ತೆ ಹೇಳಿದ್ದಳು.

"ಇಷ್ಟು ಜನರದ್ದು ತೂಗಾಡ್ತಿತ್ತಲ್ಲ ಅತ್ತೆ, ಇಲಿಗೆ ನನ್ನದೊಂದೇ ರುಚಿ ಹತ್ತಿತಾ?" ಅಂತ ಬುಗುರಿ ಆಗ ಕೇಳಿದ್ದಳು.

"ಇಲಿಯನ್ನೇ ಕೇಳ್ಕೋ ಹೋಗು" ಅಂದಿದ್ದಳು ಅತ್ತೆ.

ಮಲಗಿದ ಕಡೆ ಅತ್ತೆಗೆ ನೆಮ್ಮದಿ ಇರಲಿಲ್ಲ. ನೋವಿಗೆ ಮಾತ್ರೆ ಇತ್ತು, ಈ ಚಡಪಡಿಕೆಗೆ ಇರಲಿಲ್ಲ. ಗಳಿಗೆಗೊಮ್ಮೆ ಇವತ್ತು ಯಾವ ವಾರ ಅನ್ನುವಳು, ತಿಂಗಳು ತುಂಬಿತಾ ಅನ್ನುವಳು, ಮಂಚದ ಕೆಳಗೆ ಕೈ ಚಾಚಿ ಏನನ್ನೋ ಮುಟ್ಟಿ ನೋಡಿ ಮತ್ತೆ ಕೈ ಎಳೆದುಕೊಳ್ಳುವಳು. ಓಣಿಯಲ್ಲಿ ಬುಗುರಿಯ ಹೆಜ್ಜೆ ಸದ್ದಾದರೆ ಸಾಕು, "ಎಲ್ಲಿಗೇ ಹೋಗ್ತಿದೀಯ?" ಅಂತ ಕೂಗು.

"ಅತ್ತೆ, ಮುಂದೆ ಪೂರ್ತಿ ತೆರೆಯೋ ಹಾಗೆ ಒಂದು ನೈಟಿ ಹೊಲೀತೀನಿ. ನಿನ್ನನ್ನ ಎತ್ತಿ ಬಟ್ಟೆ ಬದಲಾಯಿಸೋದ್ರಲ್ಲಿ ಇಬ್ಬರ ಜೀವಾನೂ ಬಾಯಿಗೆ ಬರುತ್ತೆ" ಅಂದಳು ಬುಗುರಿ. "ನಿನ್ನ ಮೈಕಾಗದ ತಗೊಂಡ್ಬರ್ತೀನಿ ತಡಿ."

ಅತ್ತೆ ತಲೆ ಎತ್ತಿದಳು. "ಬೇಡ. ಟೇಪ್ ಹಿಡಿದು ಅಳೆದ್ಕೋ."

"ಮಲಗಿದವರನ್ನ ಅಳೀತಾರಾ? ನೀನೇ ಹೇಳಿಕೊಟ್ಟಿದ್ದು. ಮಲಗಿದ ಮೈ ಸುಳ್ಳು ಹೇಳುತ್ತೆ ಅಂತ."

"ಈಗ ನಾನೇ ಹೇಳ್ತಿದೀನಲ್ಲ, ಅಳಿ. ಆ ಕೋಣೆಗೆ ಹೋಗ್ಬೇಡ. ಅಲ್ಲಿ ದೂಳು."

ಜನ್ಮದಲ್ಲಿ ದೂಳಿಗೆ ಹೆದರಿದವಳಲ್ಲ ಅತ್ತೆ. ಬುಗುರಿ ಹೂಂ ಅಂದಳು, ಮಾತ್ರೆ ಕೊಟ್ಟಳು, ಅತ್ತೆಗೆ ಮಂಪರು ಹತ್ತುವವರೆಗೆ ಕಾದಳು. ಹೋಗಬೇಡ ಅಂದರೆ ಹೋಗದೆ ಇರುವ ಜಾತಿಯೇ ಅಲ್ಲ ಅವಳದು, ಅದು ಅತ್ತೆಗೂ ಗೊತ್ತಿರಬೇಕಿತ್ತು.

ಮಧ್ಯಾಹ್ನದ ಹೊತ್ತಾದರೂ ಆ ಕೋಣೆಗೆ ದೀಪ ಬೇಕು. ಬಾಗಿಲು ತೆಗೆದ ಗಾಳಿಗೆ ಕಾಗದಗಳು ಸರಸರ ಅಂದವು. ಚಿಕ್ಕಂದಿನಲ್ಲಿ ಅವು ತನ್ನ ಬಗ್ಗೆಯೇ ಪಿಸುಗುಟ್ಟುತ್ತವೆ ಅಂದುಕೊಂಡಿದ್ದಳು. ಸಾಲಾಗಿ ಖಾಲಿ ಮೊಳೆಗಳು: ಅಜ್ಜ, ಅಜ್ಜಿ, ಅಪ್ಪ, ಅಮ್ಮ. ಆಮೇಲೆ ಅವಳದು. ಕೊನೆಗೆ ಅತ್ತೆಯದು, ಕಪ್ಪು ಗುಂಡಿ ಕಟ್ಟಿದ್ದು.

ಇಳಿಸಿದಾಗ ಭಾರ ಅನ್ನಿಸಿತು. ಅತ್ತೆ ಕಡ್ಡಿಯಂಥವಳು, ಅವಳ ಕಾಗದಕ್ಕೆ ಪಟ್ಟಿ ಅಂಟಿಸಿದ್ದೇ ಕಡಿಮೆ. ತಿರುಗಿಸಿ ನೋಡಿದರೆ ಹಿಂದೆ ಇನ್ನೊಂದು ಮೈ. ಅದೇ ಮೊಳೆಗೆ, ಅತ್ತೆಯ ಬೆನ್ನಿಗೆ ಬೆನ್ನು ಕೊಟ್ಟು ತೂಗುತ್ತಿತ್ತು. ಗುರುತಿಗೆ ಕಟ್ಟಿದ್ದು ಅರ್ಧ ಮುರಿದ ನೀಲಿ ಗುಂಡಿ.

ಬುಗುರಿ ಅದನ್ನು ಕತ್ತರಿಸುವ ಮೇಜಿನ ಮೇಲೆ ಹರಡಿದಳು. ಬೆನ್ನಿನ ನಡುವಿನ ಮೂಲ ಕಾಗದ ಹಳೆಯದು, ಕೈಯಲ್ಲಿ ಪುಡಿಯಾಗುವಂಥದ್ದು. ಸಣ್ಣ ನಡುವಿನ ಹುಡುಗಿಯೊಬ್ಬಳ ಅಳತೆ. ಅದರ ಅಂಚಿಗೆ ಒಂದು ಪಟ್ಟಿ, ಅದಕ್ಕೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹುಡುಗಿ ಹೆಂಗಸಾಗಿದ್ದಳು, ಹೆಂಗಸಿನ ನಡು ತುಂಬಿತ್ತು, ಬೆನ್ನು ಬಾಗಿ ಭುಜದ ಹತ್ತಿರ ಹೆಚ್ಚಿನ ತುಂಡು ಬೇಕಾಗಿತ್ತು. ಒಂದು ಇಡೀ ಆಯಸ್ಸು ಅಲ್ಲಿ ಅಂಟಿನಲ್ಲಿ ಕೂತಿತ್ತು. ಕೊನೆಯ ಪಟ್ಟಿ ಮಾತ್ರ ಬಿಳಿ, ನುಣುಪು. ಅದರ ಮೇಲೆ ಅರ್ಧ ಕೆಂಪು ತ್ರಿಕೋನ, ಒಳಗೆ ತಿರುವು ಇದೆ ಅನ್ನುವ ಗುರುತು.

ಅದು ಅವಳ ಡ್ರೈವಿಂಗ್ ಸ್ಕೂಲಿನ ಪೋಸ್ಟರ್. ಹಳೆಯದಾಯಿತು ಅಂತ ಗೋಡೆಯಿಂದ ಕಿತ್ತಿದ್ದನ್ನು ಹೋದ ವರ್ಷ ಅವಳೇ ಸುರುಳಿ ಸುತ್ತಿ, ಕತ್ತರಿಸೋಕೆ ಆಗುತ್ತೆ ಇಟ್ಕೋ ಅಂತ ಅತ್ತೆಗೆ ಕೊಟ್ಟಿದ್ದಳು.

ಅಂಥ ನೀಲಿ ಗುಂಡಿ ಇನ್ನೊಂದು ಕಡೆ ಇದ್ದದ್ದು ಅವಳಿಗೆ ಗೊತ್ತಿತ್ತು. ಅದು ಅವಳ ಸ್ವಂತ ಮೊಳೆಯ ಮೇಲೇ ತೂಗುತ್ತಿತ್ತು. ನಿನ್ನಮ್ಮನ ರವಿಕೆಯದು, ನಿನ್ನ ಗುರುತಿಗೆ ಕಟ್ಟಿದೆ ಅಂತ ಅತ್ತೆ ಯಾವತ್ತೋ ಬಾಯಿ ಜಾರಿ ಹೇಳಿದ್ದಳು. ಎಷ್ಟು ತಿರುಗಿಸಿ ನೋಡಿದರೂ ಲೆಕ್ಕ ಒಂದೇ ಆಗುತ್ತಿತ್ತು. ಸತ್ತವರು ದಪ್ಪಗಾಗುವುದಿಲ್ಲ.

ಕಾಗದ ಹಿಡಿದುಕೊಂಡೇ ಹೋಗಿ ಅತ್ತೆಯ ಹೊದಿಕೆಯ ಮೇಲೆ ಹಾಸಿದಳು. ಅತ್ತೆ ಕಣ್ಣು ಬಿಟ್ಟಳು, ನೋಡಿದಳು, ಮುಖವನ್ನು ಗೋಡೆಯ ಕಡೆ ಹೊರಳಿಸಿದಳು.

"ಎಲ್ಲಿದಾಳೆ?" ಅಂದಳು ಬುಗುರಿ.

ಅತ್ತೆ ಗೋಡೆಗೇ ಹೇಳಿದಳು. "ಹೊಟ್ಟೆಯಲ್ಲೇ ಒಂದು ಮಗು ಸತ್ತಿತ್ತು ಕಣೇ, ನೀನು ಆದಮೇಲೆ. ಅವತ್ತಿಂದ ಅವಳು ಅವಳಾಗಿರಲಿಲ್ಲ. ನೀನೂ ಹೋಗ್ತೀಯ ಅನ್ನೋ ಭಯ. ಹಗಲೆಲ್ಲಾ ನಿನಗೇ ಬಟ್ಟೆ. ಮನೇಲಿ ಬಟ್ಟೆ ಮುಗಿದಾಗ ಗಿರಾಕಿಯವರ ಮದುವೆ ಹೆಣ್ಣಿನ ಸೀರೆ ಕತ್ತರಿಸಿ ನಿನಗೆ ಫ್ರಾಕ್ ಹೊಲಿದ್ಲು. ಮದುವೆ ದಿನ ಅವರು ಬಂದು ನೋಡಿದ್ರೆ, ನೀನು ಅದನ್ನ ಹಾಕ್ಕೊಂಡು ಬಾಗಿಲಲ್ಲಿ ಗಿರಗಿರ ತಿರುಗ್ತಿದ್ದೆ."

"ಅದಕ್ಕೆ ಕೊಂದುಬಿಟ್ರಾ?"

"ನಿಮ್ಮಜ್ಜ ಹೇಳಿದ್ರು, ಹುಚ್ಚಿ ಇರೋ ಮನೆಗೆ ಯಾರು ಬಟ್ಟೆ ಕೊಡ್ತಾರೆ, ನಾಳೆ ಈ ಮಗೂನ ಯಾರು ಮದುವೆ ಆಗ್ತಾರೆ ಅಂತ. ಪಕ್ಕದ ಊರಲ್ಲಿ ಅಂಥವರನ್ನ ನೋಡ್ಕೊಳ್ಳೋ ಮನೆ ಇದೆ, ಅಲ್ಲಿ ಬಿಟ್ಟು ಬಂದ್ರು. ಊರಿಗೆಲ್ಲ ಅವಳು ಸತ್ಲು ಅಂತ ಹೇಳಿ ಮೊಳೆ ಖಾಲಿ ಮಾಡಿದ್ರು. ನಿಮ್ಮಪ್ಪ ಬಾಯಿಗೆ ಹೊಲಿಗೆ ಹಾಕ್ಕೊಂಡು ನಿಂತಿದ್ದ. ನಾನು ಕಾಗದ ಎತ್ಕೊಂಡು ನನ್ನದರ ಹಿಂದೆ ಹಾಕಿದೆ. ಬದುಕಿರೋಳ ಮೈಯನ್ನ ಹೇಗೇ ಕೆಳಗಿಡೋದು?"

ಜೀವಂತ ಹೆಂಗಸನ್ನು ಇಪ್ಪತ್ತೇಳು ವರ್ಷ ಬಚ್ಚಿಟ್ಟ ಮನೆಗೆ ಅವಳ ಕಾಗದವನ್ನು ಮೂಲೆಗಿಡುವ ಧೈರ್ಯ ಬಂದಿರಲಿಲ್ಲ. ಬುಗುರಿಗೆ ನಗು ಬಂತು, ಅದು ಅಳುವಿಗಿಂತ ಕೆಟ್ಟದಾಗಿತ್ತು.

"ಅಜ್ಜ ಹೋಗಿ ಎಷ್ಟು ವರ್ಷ ಆಯ್ತು ಅತ್ತೆ. ಅಪ್ಪ ಹೋಗಿ ಎಷ್ಟು ವರ್ಷ ಆಯ್ತು. ಆಮೇಲೂ ನಿನ್ನ ಬಾಯಿ ಕಟ್ಟಿ ಹಾಕಿದ್ದು ಯಾರು?"

ಅತ್ತೆ ಈಗ ತಿರುಗಿದಳು. ಕಣ್ಣು ಒದ್ದೆಯಾಗಿರಲಿಲ್ಲ. "ನೀನೇ. ಅವಳು ಇದಾಳೆ ಅಂತ ಗೊತ್ತಾದ್ರೆ ನಾನು ಬರೀ ಅತ್ತೆ ಆಗ್ತೀನಿ. ನನಗೆ ನೀನು ಬಿಟ್ರೆ ಯಾರಿದ್ರು ಹೇಳು? ಸ್ವಾರ್ಥ. ಹೌದು, ಸ್ವಾರ್ಥವೇ. ಬೈಕೋ."

ಬೈಯಲು ಬುಗುರಿಯ ಬಾಯಿ ತುಂಬ ಮಾತಿತ್ತು. ಈ ಹೆಂಗಸಿನ ಮೇಲೆ ಅವಳಿಗೆ ತಡೆಯಲಾರದ ಸಿಟ್ಟು ಬಂದಿತ್ತು, ಅಷ್ಟೇ ತಡೆಯಲಾರದಷ್ಟು ಪ್ರೀತಿಯೂ ಇತ್ತು. ಎರಡನ್ನೂ ಎಲ್ಲಿಡಬೇಕೋ ತಿಳಿಯದೆ ಕೋಣೆಯಲ್ಲಿ ಅತ್ತಿಂದಿತ್ತ ಸುತ್ತಿದಳು.

"ಮಂಚದ ಕೆಳಗೆ ಚೀಲ ಇದೆ" ಅಂದಳು ಅತ್ತೆ. "ಎರಡು ಜೊತೆ ಬಟ್ಟೆ. ತಿಂಗಳಿಗೊಂದ್ಸಲ ಹೋಗಿ ಕೊಟ್ಟು ಬರ್ತೀನಿ, ಈ ಸಲ ಹೋಗ್ಬೇಕು ಅಂತ ಇಳೀವಾಗಲೇ ನಾನು ಜಾರಿದ್ದು. ಕಾಯ್ತಿರ್ತಾಳೆ. ಹೋಗ್ಬಾ."

ಪಕ್ಕದ ಮನೆಯಾಕೆಗೆ ಅತ್ತೆಯನ್ನು ನೋಡಿಕೊಳ್ಳಲು ಹೇಳಿ ಬುಗುರಿ ಕಾರು ಹತ್ತಿದಳು. ಎಷ್ಟೋ ಜನಕ್ಕೆ ಕಾರು ಕಲಿಸಿದವಳು ದಾರಿಯಲ್ಲಿ ಮೂರು ಸಲ ಎಂಜಿನ್ ಆಫ್ ಮಾಡಿಕೊಂಡಳು. ಅಮ್ಮ ತನ್ನನ್ನು ಗುರುತು ಹಿಡಿಯದಿದ್ದರೆ ಅನ್ನುವ ಯೋಚನೆ ಅವಳ ಪಕ್ಕದ ಸೀಟಿನಲ್ಲೇ ಕೂತು ಬಂದಿತು. ಅದರ ಮುಂದೆ ಅವಳ ಯಾವ ಬ್ರೇಕೂ ಹಿಡಿಯಲಿಲ್ಲ.

ಪಕ್ಕದ ಊರಿನ ಆ ಮನೆಯ ಹಿಂಭಾಗದಲ್ಲಿ ಬಿಸಿಲು ಬೀಳುವ ಉದ್ದನೆಯ ಕೋಣೆ. ನರ್ಸ್ ಬಾಗಿಲಲ್ಲೇ ನಿಂತು, "ಟೈಲರಮ್ಮಾ, ಬಟ್ಟೆ ಬಂತು ನೋಡಿ" ಅಂದಳು. ಕಿಟಕಿಯ ಹತ್ತಿರ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಗಸು ತಲೆ ಎತ್ತಿದಳು. ಬೆನ್ನು ಕಾಗದದಲ್ಲಿದ್ದ ಹಾಗೆಯೇ ಬಾಗಿತ್ತು. ಎತ್ತರ ಅಷ್ಟಿಲ್ಲ. ನಡು ತುಂಬಿದೆ. ಮುಖವೊಂದು ಬಿಟ್ಟರೆ ಬುಗುರಿಗೆ ಎಲ್ಲ ಗೊತ್ತಿತ್ತು.

"ಅವರು ಬರ್ಲಿಲ್ವಾ?" ಅಂದಳು ಆಕೆ.

"ಕಾಲು ಜಾರಿ ಬಿದ್ದಿದಾರೆ. ನನ್ನನ್ನ ಕಳಿಸಿದ್ರು."

ಆಕೆ ಚೀಲ ತೆಗೆದುಕೊಂಡು ಹೊಲಿಗೆಯ ಒಳಮಗ್ಗುಲು ತಿರುಗಿಸಿ ನೋಡಿದಳು, ತೃಪ್ತಿಯಾಯಿತೋ ಏನೋ, ಪಕ್ಕಕ್ಕಿಟ್ಟಳು. ಬುಗುರಿ ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಬೇರೆಯೇ ಇತ್ತು. ಕೊನೆಗೆ, "ನನಗೂ ಒಂದು ಬಟ್ಟೆ ಹೊಲಿಸ್ಬೇಕಿತ್ತು" ಅಂದಳು.

"ನಿಂತ್ಕೊಳ್ಳಿ. ಕೈ ಬಿಡಿ. ನೇರ ನೋಡಿ."

ಟೇಪು ಕತ್ತಿನ ಹಿಂದೆ ಬಂತು. ತಣ್ಣಗಿನ ಬೆರಳು ಒಂದು ಭುಜದಿಂದ ಇನ್ನೊಂದಕ್ಕೆ ಹರಿದು, ಎಡಗಡೆ ನಿಂತಿತು. ಮತ್ತೆ ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಬಂತು.

"ಎಡ ಭುಜ ಇಳಿದಿದೆ ನಿಮಗೆ. ನನ್ನ ಮಗೂಗೂ ಹೀಗೇ" ಅಂದಳು ಆಕೆ. "ನಿಲ್ತಾನೇ ಇರ್ಲಿಲ್ಲ ಅದು. ಟೇಪ್ ಹಾಕಿದ್ರೆ ತಿರುಗೋದು."

ಕಾಲು ಓಡು ಅನ್ನುತ್ತಿತ್ತು, ಮೈ ತಿರುಗು ಅನ್ನುತ್ತಿತ್ತು. ಹುಟ್ಟಿದಮೇಲೆ ಮೊದಲ ಸಲ ಅವಳು ಎರಡನ್ನೂ ಕೇಳದೆ ಕಂಬದ ಹಾಗೆ ನಿಂತಳು.

ಹಿಂದೆ ಟ್ರಂಕಿನ ಮುಚ್ಚಳದ ಸದ್ದು. ಏನೋ ಸರಸರ ಅಂದಿತು. ಆಮೇಲೆ ಅವಳ ಬೆನ್ನಿಗೆ, ಎರಡು ರೆಕ್ಕೆ ಮೂಳೆಗಳ ನಡುವೆ, ಪುಟ್ಟ ಮಗುವಿನ ಬೆನ್ನಿನಷ್ಟೇ ಅಗಲದ ಒಂದು ಕಾಗದವನ್ನು ಯಾರೋ ಒತ್ತಿ ಹಿಡಿದರು. ಇಲಿ ತಿಂದಿತು ಅಂತ ಅತ್ತೆ ಹೇಳಿದ್ದ, ಅಮ್ಮ ಮನೆ ಬಿಡುವಾಗ ಜೊತೆಗೇ ಒಯ್ದಿದ್ದ ಕಾಗದ ಅದು. ಅದರ ಎಡ ಭುಜ ಅವಳ ಎಡ ಭುಜದ ಓರೆಗೆ ಸರಿಯಾಗಿ ಕೂತಿತು. ಮಿಕ್ಕ ಬೆನ್ನೆಲ್ಲ ನಾಲ್ಕೂ ಕಡೆ ಹೊರಗೇ ಉಳಿಯಿತು.

ಆ ಕೈಗಳು ತುಂಬಾ ಹೊತ್ತು ಅಲ್ಲೇ ಇದ್ದವು.

"ಸಾಲಲ್ಲ ಇದು" ಅಂದಿತು ಹಿಂದಿನ ಧ್ವನಿ. "ಎಷ್ಟೊಂದು ಅಂಟಿಸ್ಬೇಕು. ನನ್ನ ಹತ್ರ ಅಷ್ಟು ಕಾಗದ ಎಲ್ಲಿದೆ?"

"ನನ್ನ ಕಾರಲ್ಲಿದೆ, ಹಳೇ ಪೋಸ್ಟರ್. ತರ್ತೀನಿ" ಅಂದಳು ಬುಗುರಿ, ತಿರುಗಲು ಹೊರಟಳು.

"ಆಮೇಲೆ ತರುವೆಯಂತೆ" ಅಂದಳು ಅಮ್ಮ. "ಈಗ ಅಲ್ಲಾಡ್ಬೇಡ. ನಿಂತ್ಕೋ ಮಗಾ, ಇನ್ನೂ ಅಳತೆ ಮುಗಿದಿಲ್ಲ."