ಸುಗಂಧಿ ಸುಗಂಧಿ

ಸುಗಂಧಿಗೆ ಸರ್‌ನೇಮ್ ಇರಲಿಲ್ಲ. ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ಅದರ ಕೆಳಗಿನ ಸಾಲಿನಲ್ಲಿ ಸುಗಂಧಿ ಎಂಬ ಒಂದೇ ಪದ. ಇದರ ಹಿಂದೆ ದೊಡ್ಡ ತತ್ವವೇನೂ ಇರಲಿಲ್ಲ. ಹದಿನೆಂಟು ವರ್ಷದ ಹಿಂದೆ ಉಡುಪಿಯ ಪಾಸ್‌ಪೋರ್ಟ್ ಏಜೆಂಟನೊಬ್ಬ, ಅಪ್ಪನ ಹೆಸರನ್ನು ಕೊನೆಗೆ ಸೇರಿಸಿದರೆ ಶಾಲೆಯ ಸರ್ಟಿಫಿಕೇಟಿಗೆ ತಾಳೆಯಾಗುವುದಿಲ್ಲ, ಅಫಿಡವಿಟ್ ಮಾಡಿಸಬೇಕಾಗುತ್ತದೆ ಎಂದಿದ್ದ. ಅಪ್ಪ ಪುಟ್ಟಣ್ಣನವರಿಗೆ ಆ ದಿನ ಊಟದ ಹೊತ್ತಿಗೆ ಮನೆ ಸೇರಬೇಕಿತ್ತು. "ಹಾಗಾದ್ರೆ ಬಿಡಿ, ಅವಳ ಹೆಸರು ಮಾತ್ರ ಇರಲಿ" ಎಂದುಬಿಟ್ಟರು.

ಪಿನಾಂಗ್ ದ್ವೀಪದ ಮೆಡಿಕಲ್ ಕಾಲೇಜಿಗೆ ಫಿಸಿಯಾಲಜಿ ಪಾಠ ಮಾಡಲು ಬಂದ ಮೇಲೆ ಈ ಒಂಬತ್ತು ವರ್ಷದಲ್ಲಿ ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಮಲೇಷ್ಯಾದಲ್ಲಿ ಅರ್ಧ ಜನಕ್ಕೆ ಸರ್‌ನೇಮ್ ಇಲ್ಲ. ಮಲಯರದು ಬಿನ್, ಬಿಂತಿ. ತಮಿಳರದು ಎ/ಎಲ್, ಎ/ಪಿ; ಇಂಥವರ ಮಗ, ಇಂಥವರ ಮಗಳು ಎಂದರ್ಥ. ಬ್ಯಾಂಕಿನಲ್ಲಿ, ಕ್ಲಿನಿಕ್ಕಿನಲ್ಲಿ "ಎ/ಪಿ ಯಾರು?" ಎಂದು ಕೇಳುತ್ತಿದ್ದರು. ಪುಟ್ಟಣ್ಣ ಎಂದರೆ ಬರೆದುಕೊಂಡು ಮುಂದಿನವರನ್ನು ಕರೆಯುತ್ತಿದ್ದರು. ಊರಿಗೆ ಹೋಗಿಬರುವ ಟಿಕೆಟ್ಟನ್ನು ಕಾಲೇಜಿನ ಟ್ರಾವೆಲ್ ಏಜೆಂಟ್ ಮಾಡಿಸುತ್ತಿದ್ದ. ಅವನಿಗೆ ಇಂಥ ಹೆಸರುಗಳ ಅಭ್ಯಾಸವಿತ್ತು. ಏರ್‌ಲೈನುಗಳು ಒಪ್ಪುವ ಹಾಗೆ, ಹೆಸರು, ಸರ್‌ನೇಮ್ ಎರಡು ಜಾಗದಲ್ಲೂ ಒಂದೇ ಹೆಸರು ಹಾಕುತ್ತಿದ್ದ: ಸುಗಂಧಿ ಸುಗಂಧಿ.

ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗುವ ಯೋಚನೆ ಅವಳದೇ. ಜನವರಿಯ ಒಂದು ಭಾನುವಾರ, ಮೀನು ಹುರಿಯುತ್ತಾ ಅದನ್ನು ಹೇಳಿದಾಗ ಗಂಡ ರತ್ನಾಕರ ನಕ್ಕಿದ್ದ. ಅವನು ಬಯಾನ್ ಲೆಪಾಸಿನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್. ತಯಾರಾದ ಚಿಪ್ಪುಗಳಲ್ಲಿ ದೋಷ ಹುಡುಕುವುದು ಅವನ ಕೆಲಸ.

"ಮಲ್ಪೆಯಲ್ಲಿ ಹುಟ್ಟಿದ್ದು, ಸಂಸಾರ ಮಾಡುದು ಒಂದು ದ್ವೀಪದಲ್ಲಿ. ಈಗ ಸಮುದ್ರ ನೋಡ್ಲಿಕ್ಕೆ ಇನ್ನೊಂದು ದ್ವೀಪಕ್ಕೆ ಹೋಗ್ಬೇಕಾ ಮಾರಾಯ್ತಿ?"

"ಮಲ್ಪೆಯಲ್ಲಿ ಸೊಂಟದ ತನಕ ಇಳಿದ್ರೆ ಮೊಣಕಾಲು ಕಾಣುದಿಲ್ಲ. ಇಲ್ಲಿ ಕಾಲು ಅದ್ದಿದ್ರೆ ಬೆರಳೇ ಕಾಣುದಿಲ್ಲ. ನಲ್ವತ್ತೊಂದು ಆಯ್ತು ನಂಗೆ. ತಳ ಕಾಣುವ ನೀರಲ್ಲಿ ಒಮ್ಮೆ ನಿಲ್ಲಬೇಕು, ಅಷ್ಟೇ."

"ಬಾತ್‌ಟಬ್ ತರಿಸ್ತೇನೆ."

"ನೀವು ಅದ್ರಲ್ಲಿ ಕೂತ್ಕೊಳ್ಳಿ. ನಾನೂ ಚೈತನ್ಯಾನೂ ಹೋಗಿಬರ್ತೇವೆ."

ತಮಾಷೆ ಮಾಡಿದರೂ ಮರುದಿನವೇ ಅವನು ಎಕ್ಸೆಲ್ ಶೀಟ್ ತೆರೆದಿದ್ದ. ಮೇ ಕೊನೆಯ ಶಾಲಾ ರಜೆ, ಎಂಟು ದಿನ. ಯಾವ ಕರಾವಳಿಯಲ್ಲಿ ಮರಳು, ಎಲ್ಲಿ ಬರೀ ಕಲ್ಲು, ಯಾವ ಊರಿನಿಂದ ಸಮುದ್ರಕ್ಕೆ ಬಸ್ಸು, ನೀರು ಆಗ ಎಷ್ಟು ತಣ್ಣಗಿರುತ್ತದೆ, ಎಲ್ಲಕ್ಕೂ ಒಂದೊಂದು ಕಾಲಂ. ಅವರಿದ್ದ ಕಾಂಡೋ ಕಟ್ಟಡದ ಮೂರನೇ ಮಹಡಿಯ ಪೂರ್ವಿ, ಮೈಸೂರಿನವಳು, ಹಿಂದಿನ ವರ್ಷ ಮಾಲ್ಟಾಕ್ಕೆ ಹೋಗಿಬಂದಿದ್ದಳು. ಕಲ್ಲಿನ ಮೇಲೆ ನಡೆಯಲು ರಬ್ಬರಿನ ಶೂ ಬೇಕು, ಚಟ್ನಿಪುಡಿ ಮರೆಯಬೇಡಿ ಎಂದು ಆಕೆ ಹೇಳಿದ್ದೂ ಶೀಟಿಗೆ ಸೇರಿತು. ಹದಿಮೂರರ ಚೈತನ್ಯಾಗೆ ಬಾಲ್ಕನಿಯಿಂದ ಸಮುದ್ರ ಕಾಣುವ ಕೋಣೆ ಬೇಕಿತ್ತು. "ಆರ್ ಎಲ್ಸ್ ವಾಟ್ಸ್ ದ ಪಾಯಿಂಟ್ ಲಾ" ಎಂದಳು, ಪಿನಾಂಗಿನ ಇಂಗ್ಲಿಷಿನಲ್ಲಿ. ಅಂಥದ್ದೇ ಕೋಣೆ ಹಿಡಿದರು. ಸುಗಂಧಿ ಕಾಲೇಜಿನಲ್ಲಿ ಎಂಟು ದಿನದ ರಜೆ ಮಂಜೂರು ಮಾಡಿಸಿಕೊಂಡಳು.

ಫೆಬ್ರವರಿಯಲ್ಲಿ ಟಿಕೆಟ್ಟಿನ ದರ ಇಳಿದ ದಿನ ರತ್ನಾಕರ ಏಜೆಂಟನಿಗೆ ಹೇಳದೆ ತಾನೇ ಆನ್‌ಲೈನಿನಲ್ಲಿ ಮೂರನ್ನೂ ತೆಗೆದ. ಆಗ ಸುಗಂಧಿ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. "ಆಯ್ತು, ಬುಕ್ ಆಯ್ತು" ಎಂದು ಅವನು ಕೂಗಿ ಹೇಳಿದ. ಅವಳು ಬಂದು ತಾರೀಖು ನೋಡಿದಳು, ಸಮಯ ನೋಡಿದಳು, ಹೆಸರು ನೋಡಲಿಲ್ಲ.

ನೋಡಿದ್ದು ವೀಸಾ ಕೇಂದ್ರದ ಸರೋಜ. ಮಾರ್ಚ್ ಎರಡನೇ ವಾರ ಮೂವರೂ ಕ್ವಾಲಾಲಂಪುರಕ್ಕೆ ಹೋಗಿ ಸರತಿಯಲ್ಲಿ ಕೂತರು. ರತ್ನಾಕರನ ಕಾಗದಪತ್ರ ತಟ್ಟನೆ ಮುಗಿಯಿತು, ಚೈತನ್ಯಾಳದ್ದೂ ಮುಗಿಯಿತು. ಸುಗಂಧಿಯದು ಬಂದಾಗ ಕೌಂಟರಿನ ಹುಡುಗಿ ಟಿಕೆಟ್ಟಿನ ಹಾಳೆಯನ್ನು ಪಾಸ್‌ಪೋರ್ಟಿನ ಪಕ್ಕಕ್ಕೆ ಇಟ್ಟು ತಲೆಯೆತ್ತಿದಳು. ಎದೆಯ ಮೇಲಿನ ಪಟ್ಟಿಯಲ್ಲಿ ಸರೋಜ ಎ/ಪಿ ಮುನಿಯಾಂಡಿ ಎಂದಿತ್ತು. ಒಂಬತ್ತು ವರ್ಷದಲ್ಲಿ ಸುಗಂಧಿಗೆ ತಮಿಳು ಸಾಕಷ್ಟು ಅರ್ಥವಾಗುತ್ತಿತ್ತು.

"ಅಕ್ಕಾ, ಈ ಸುಗಂಧಿ ರತ್ನಾಕರ ಯಾರು?" ಎಂದು ಹುಡುಗಿ ತಮಿಳಿನಲ್ಲೇ ಕೇಳಿದಳು.

"ನಾನೇ."

"ಪಾಸ್‌ಪೋರ್ಟಲ್ಲಿ ಬರೀ ಸುಗಂಧಿ ಇದೆ. ಹೀಗೆ ಕಳಿಸಿದ್ರೆ ವಾಪಸ್ ಬರುತ್ತೆ. ಟಿಕೆಟ್ ಸರಿ ಮಾಡಿಸ್ಕೊಂಡು ಬನ್ನಿ, ಇಲ್ಲ ಪಾಸ್‌ಪೋರ್ಟ್ ಸರಿ ಮಾಡಿಸ್ಕೊಂಡು ಬನ್ನಿ. ಎರಡೂ ಒಂದೇ ಥರ ಇರ್ಬೇಕು." ಹಾಳೆಗಳನ್ನು ಜೋಡಿಸಿ ವಾಪಸು ಕೊಡುತ್ತಾ ಹುಡುಗಿ ದನಿ ತಗ್ಗಿಸಿದಳು. "ನನಗೂ ಸರ್‌ನೇಮ್ ಇಲ್ಲಕ್ಕಾ. ಆದ್ರೆ ನಾನು ಯುರೋಪಿಗೆ ಹೋಗ್ತಾ ಇಲ್ಲ."

ಪಿನಾಂಗಿನ ಎದುರು ದಡದ ಬಟರ್‌ವರ್ತಿಗೆ ವಾಪಸು ಹೋಗುವ ರೈಲಿನಲ್ಲಿ ಚೈತನ್ಯಾ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಿಟಕಿಯ ಬದಿಗೆ ಕೂತಳು. ರೈಲು ಅರ್ಧದಾರಿಯ ಇಪೋ ದಾಟಿತು.

"ಹಾಗೆ ಎಂತಕ್ಕೆ ಹಾಕಿದ್ದು ನೀವು?" ಎಂದು ಸುಗಂಧಿ ಕೇಳಿದಳು.

"ಸರ್‌ನೇಮ್ ಖಾಲಿ ಬಿಟ್ರೆ ಕೆಂಪು ಬರ್ತದೆ. ಮುಂದಿನ ಪೇಜಿಗೆ ಹೋಗುದೇ ಇಲ್ಲ. ಕನ್ನಡ ಸಂಘದ ಪುಸ್ತಕದಲ್ಲಿ ನಿನ್ನ ಹೆಸರು ಹಾಗೇ ಅಲ್ವಾ ಇರುದು? ಕೈ ತಾನಾಗಿ ಟೈಪ್ ಮಾಡಿತು."

"ಸಂಘದ ಪುಸ್ತಕ ತೋರಿಸಿದ್ರೆ ಪ್ಲೇನು ಹತ್ತಲಿಕ್ಕೆ ಬಿಡ್ತಾರಾ?"

"ತಪ್ಪಾಯ್ತು ಅಂದೆನಲ್ಲ."

"ಅಂದದ್ದು ನಂಗೆ ಕೇಳ್ಲಿಲ್ಲ. ಬುಕ್ ಮಾಡುವಾಗ ನಾನು ಪಕ್ಕದ ರೂಮಲ್ಲೇ ಇದ್ದೆ. ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ, ಎರಡು ಸಲ ಸುಗಂಧಿ ಹಾಕಿ ಅಂತ. ಅರ್ಧ ನಿಮಿಷದ ಕೆಲಸ."

ಮನೆಗೆ ಬಂದ ಮೇಲೆ ರತ್ನಾಕರ ಏರ್‌ಲೈನಿಗೆ ಫೋನ್ ಮಾಡಿದ. ಆ ಅಗ್ಗದ ಟಿಕೆಟ್ಟಿನಲ್ಲಿ ಹೆಸರು ಬದಲಿಸಲು ಅವಕಾಶವಿಲ್ಲ ಎಂದರು. ಎರಡನೇ ಸಲ ಕೇಳಿದಾಗಲೂ ಅದನ್ನೇ, ಇನ್ನೂ ನಯವಾಗಿ ಹೇಳಿದರು. ಅವನು ಫೋನ್ ಇಟ್ಟು, ಹೊಸ ಕಾಲಂ ಸಿಕ್ಕವನ ಹಾಗೆ ಹಗುರಾದ.

"ಸುಲಭ ಉಂಟು. ಪಾಸ್‌ಪೋರ್ಟಿಗೆ ಸರ್‌ನೇಮ್ ಸೇರಿಸಿದ್ರೆ ಆಯ್ತು. ನಾಲ್ಕು ವಾರ ಹಿಡೀತದೆ. ಏಪ್ರಿಲಲ್ಲಿ ಹೊಸ ಪಾಸ್‌ಪೋರ್ಟ್, ಆಮೇಲೆ ವೀಸಾ. ಯಾವತ್ತಾದ್ರೂ ಒಮ್ಮೆ ಮಾಡ್ಲೇಬೇಕಿತ್ತು ಅದು."

"ಇನ್ನೊಂದು ಟಿಕೆಟ್ ತೆಗೀಲಿಕ್ಕೆ ಆಗುದಿಲ್ವಾ?"

"ಈಗ ರೇಟು ಮೂರು ಪಟ್ಟು ಆಗಿದೆ. ಒಂದು ಶಬ್ದಕ್ಕೋಸ್ಕರ?"

"ಒಂದು ಶಬ್ದ ಅಂತಾದ್ರೆ, ಅದನ್ನು ಸೇರಿಸುದು ಯಾಕೆ?"

ಚೈತನ್ಯಾ ಸೋಫಾದಿಂದಲೇ ತಲೆಯೆತ್ತಿದಳು. "ಅಮ್ಮಾ, ಇಟ್ಸ್ ಜಸ್ಟ್ ಎ ನೇಮ್. ಐ ಆಲ್ಸೋ ಹ್ಯಾವ್ ರತ್ನಾಕರ. ವಿ ವಿಲ್ ಆಲ್ ಬಿ ಸೇಮ್."

"ಸೇಮ್ ಆಗುದಿಲ್ಲ ಮಗಾ. ನಿನ್ನ ಅಪ್ಪ ರತ್ನಾಕರ ದೇವದಾಸ. ಅದು ಅಜ್ಜನ ಹೆಸರು."

"ವೇಟ್, ಸೋ ಪಪ್ಪ ಇಸ್ ನಾಟ್ ಈವನ್ ಮಿಸ್ಟರ್ ರತ್ನಾಕರ?"

"ಫ್ಯಾಕ್ಟರಿಯಲ್ಲಿ ನನ್ನನ್ನು ಮಿಸ್ಟರ್ ದೇವದಾಸ ಅಂತಲೇ ಕರೀತಾರೆ" ಎಂದ ರತ್ನಾಕರ. "ಒಂಬತ್ತು ವರ್ಷದಿಂದ ಅಪ್ಪನಿಗೆ ಬಂದ ಈಮೇಲಿಗೆ ನಾನು ಉತ್ತರ ಬರೀತಿದ್ದೇನೆ. ನಂಗೇನೂ ಆಗ್ಲಿಲ್ಲ."

ಮೂವರೂ ನಕ್ಕರು. ಸುಗಂಧಿ ಎಲ್ಲರಿಗಿಂತ ಮೊದಲು ನಿಲ್ಲಿಸಿದಳು. "ತಪ್ಪು ಟಿಕೆಟ್ಟಿನಲ್ಲಿ ಉಂಟು. ತಿದ್ದುದು ನನ್ನನ್ನಾ?" ಎಂದು ಕೇಳಿದಳು. ರತ್ನಾಕರ ಪಾಸ್‌ಪೋರ್ಟಿನ ಶುಲ್ಕ ಎಷ್ಟೆಂದು ಫೋನಿನಲ್ಲಿ ಹುಡುಕತೊಡಗಿದ. ಅದು ಪ್ರಶ್ನೆ ಎಂದು ಅವನಿಗೆ ಅನ್ನಿಸಲಿಲ್ಲವೋ ಏನೋ.

ಆ ವಾರ ಕಾಂಡೋದ ಎದುರಿನ ಮಾಮಕ್ ಅಂಗಡಿಯಲ್ಲಿ, ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಾ ಕುಡಿಯುತ್ತಾ ಪೂರ್ವಿಯೊಡನೆ ವಿಷಯ ಬಂತು.

"ನಾನು ಮದ್ವೆ ಆದ ತಿಂಗಳೇ ಪೂರ್ವಿ ನಿಖಿಲ್ ಅಂತ ಮಾಡಿಸ್ಕೊಂಡೆ ಕಣ್ರೀ" ಎಂದಳು ಪೂರ್ವಿ. "ಒಂದಿನಾನೂ ಯೋಚ್ನೆ ಮಾಡ್ಲಿಲ್ಲ. ನೀವ್ ಸುಮ್ನೆ ತಲೆ ಕೆಡಿಸ್ಕೋತಿದೀರ."

"ನೀವಾಗಿ ಮಾಡಿಸಿದ್ದಲ್ವಾ ಅದು?"

"ಹೂಂ. ನಾನೇ."

"ನನ್ನದನ್ನು ವೆಬ್‌ಸೈಟು ಮಾಡಿಸ್ತಾ ಉಂಟು."

ಪೂರ್ವಿ ಲೋಟದ ನೊರೆಯನ್ನು ಚಮಚದಿಂದ ಪಕ್ಕಕ್ಕೆ ಸರಿಸಿದಳು. "ಅದೂ ಸರೀನೇ ಬಿಡಿ" ಎಂದಳು. "ಆದ್ರೆ ಕ್ರೀಟು ಹೋಗುತ್ತಲ್ರೀ."

ಅದು ಸುಗಂಧಿಗೂ ಗೊತ್ತಿತ್ತು. ಅವಳು ಹಟಮಾರಿಯಾಗಲು ನಿರ್ಧರಿಸಿದವಳಲ್ಲ. ಪಾಸ್‌ಪೋರ್ಟ್ ಮರುವಿತರಣೆಯ ಫಾರಂ ಇಳಿಸಿಕೊಂಡು, ಪ್ರಿಂಟ್ ತೆಗೆದು, ಶನಿವಾರ ಬೆಳಿಗ್ಗೆ ಪೆನ್ನು ಹಿಡಿದು ಕೂತಳು. ಹಿಂದಿನ ಹೆಸರು ಎಂಬಲ್ಲಿ ಸುಗಂಧಿ ಎಂದು ಬರೆದಳು. ಈಗಿನ ಹೆಸರು ಎಂಬಲ್ಲಿ ಸುಗಂಧಿ ರತ್ನಾಕರ ಎಂದೂ ಬರೆದಳು. ಬದಲಾವಣೆಗೆ ಕಾರಣ ಎಂಬಲ್ಲಿ ಪೆನ್ನು ನಿಂತಿತು. ಮದುವೆ ಎಂದು ಬರೆಯಬಹುದಿತ್ತು, ಎಲ್ಲರೂ ಅದನ್ನೇ ಬರೆಯುತ್ತಾರೆ. ಆದರೆ ಮದುವೆಯಾಗಿ ಹದಿನಾರು ವರ್ಷವಾಗಿತ್ತು, ಕಾರಣ ಮದುವೆಯಾಗಿರಲಿಲ್ಲ. ನಿಜವಾದ ಕಾರಣ ಬರೆದರೆ ಯಾವ ಅಧಿಕಾರಿಯೂ ಒಪ್ಪುತ್ತಿರಲಿಲ್ಲ. ಅಪ್ಪ ಅವಳ ಹೆಸರನ್ನು ಒಂಟಿಯಾಗಿ ಬಿಟ್ಟದ್ದು ಊಟಕ್ಕೆ ತಡವಾಗುತ್ತದೆಂದು. ಗಂಡ ಅದಕ್ಕೆ ಜೊತೆ ಸೇರಿಸಿದ್ದು ಪುಟ ಮುಂದೆ ಹೋಗಲಿಲ್ಲವೆಂದು. ಎರಡು ಸಲವೂ ಅವಳು ಹತ್ತಿರದಲ್ಲೇ ಇದ್ದಳು. ಮೂರನೆಯ ಸಲ ಅದನ್ನೇ ತನ್ನ ಕೈಯಾರೆ ಬರೆಯುವುದು ಅವಳಿಗೆ ಸಾಧ್ಯವಾಗಲಿಲ್ಲ. ಫಾರಂ ಅನ್ನು ಹಣ್ಣಿನ ಬುಟ್ಟಿಯ ಕೆಳಗೆ ಇಟ್ಟು ಅಡುಗೆಗೆ ಎದ್ದಳು.

ರತ್ನಾಕರ ಅದನ್ನು ಅಲ್ಲಿ ನೋಡಿದ. ಭರ್ತಿ ಮಾಡಿದ್ದಾಳೆ, ಕಳಿಸುತ್ತಾಳೆ ಎಂದುಕೊಂಡ. ಅವನು ನೋಡಿದ್ದಾನೆಂದು ಅವಳಿಗೆ ಗೊತ್ತಿತ್ತು. ಇನ್ನೊಮ್ಮೆ ಬಂದು ಕೇಳಲಿ ಎಂದು ಅವಳು ಕಾದಳು. ಒತ್ತಾಯ ಮಾಡಿದ ಹಾಗಾಗಬಾರದೆಂದು ಅವನು ಕೇಳಲಿಲ್ಲ. ಮನೆಯಲ್ಲಿ ಜಗಳವಿರಲಿಲ್ಲ. ಮೀನು ಬಂತು, ತಪಾವ್ ಎಂದು ಹೋಟೆಲಿನಿಂದ ಪೊಟ್ಟಣ ಕಟ್ಟಿಸಿಕೊಂಡ ನೂಡಲ್ಸ್ ಬಂತು, ಚೈತನ್ಯಾಳ ಪರೀಕ್ಷೆ ಬಂತು. ತಂದೆ ಮಗಳ ವೀಸಾ ಅಂಟಿಸಿದ ಪಾಸ್‌ಪೋರ್ಟುಗಳೂ ಬಂದವು. ಕ್ರೀಟಿನ ಮಾತೆತ್ತಿದರೆ ರಬ್ಬರಿನ ಶೂ ವಿಷಯ ಮಾತ್ರ ಮಾತಾಡುತ್ತಿದ್ದರು. ಮೂರು ಜೊತೆ ಶೂ ತಂದರು.

ಐದನೇ ವಾರ ಬಾಳೆಹಣ್ಣಿಗೆ ಕೈಹಾಕಿದ ರತ್ನಾಕರ ಆ ಫಾರಂ ಎಳೆದು ನೋಡಿದ. ಕಾರಣದ ಜಾಗ ಖಾಲಿಯಿತ್ತು. ಅವನು ದಿನವಿಡೀ ಫ್ಯಾಕ್ಟರಿಯಲ್ಲಿ ನೋಡುವುದೇ ಅದು, ಎಲ್ಲಿ ಸಂಪರ್ಕ ತಪ್ಪಿದೆ ಎಂಬುದು. ಇದನ್ನು ನೋಡಲು ಐದು ವಾರ ಹಿಡಿದಿತ್ತು.

"ನೀನು ಕಳಿಸ್ಲೇ ಇಲ್ವಾ?"

"ಇಲ್ಲ."

"ನನ್ನ ಹೆಸರು ಅಷ್ಟು ಭಾರವಾ ಸುಗಂಧಿ?"

"ನಿಮ್ಮ ಹೆಸರಿಗೆ ನಾನೆಂತ ಹೇಳಿದೆ? ಮದುವೆಯ ಮರುದಿನ ಕೇಳಿದ್ರೂ ಇಟ್ಕೊಳ್ತಿದ್ದೆನೋ ಏನೋ. ನೀವು ಕೇಳ್ಲಿಲ್ಲ. ಈಗ ಟಿಕೆಟ್ ಹಾಳಾಗ್ತದೆ ಅಂತ ಕೇಳ್ತಾ ಇದ್ದೀರಿ."

ಅವನು ಕುರ್ಚಿ ಎಳೆದು ಕೂತ. ಬಾಳೆಹಣ್ಣನ್ನು ಸುಲಿಯಲಿಲ್ಲ, ವಾಪಸೂ ಇಡಲಿಲ್ಲ. ಕೊನೆಗೆ ಲ್ಯಾಪ್‌ಟಾಪ್ ತೆರೆದು, "ಹೊಸ ಟಿಕೆಟ್ಟೇ ತೆಗೆಯುವಾ. ಎಷ್ಟಾದ್ರೂ ಆಗ್ಲಿ. ಎರಡು ಸಲ ಸುಗಂಧಿ ಅಂತ ಹಾಕುದಲ್ವಾ?" ಎಂದ. ಅವಳು ಪಕ್ಕದಲ್ಲಿ ಬಂದು ನಿಂತಳು. ಟಿಕೆಟ್ ಇತ್ತು. ಬೇರೆ ಕಂಪನಿಯದು, ಒಂದು ಗಂಟೆ ತಡವಾಗಿ ಹೊರಡುವಂಥದ್ದು. ಹಣ ಕಟ್ಟುವ ಮೊದಲು, ವೀಸಾ ಕೇಂದ್ರದ ಭೇಟಿಗೆ ದಿನ ಕಾದಿರಿಸುವ ಪುಟ ತೆರೆದ. ಏಪ್ರಿಲಿನ ದಿನಗಳೆಲ್ಲ ಬೂದುಬಣ್ಣ. ಮೇ ತಿಂಗಳೂ ಬೂದು. ಒತ್ತಲು ಬರುವ ಮೊದಲನೆಯ ದಿನ ಜೂನ್ ಹದಿನೇಳು.

ನಾಲ್ಕು ದಿನ ಅವನು ಬೆಳಿಗ್ಗೆ ಎದ್ದ ಕೂಡಲೇ, ಮಧ್ಯಾಹ್ನ ಫ್ಯಾಕ್ಟರಿಯ ಕ್ಯಾಂಟೀನಿನಿಂದ, ಆ ಪುಟವನ್ನು ಮತ್ತೆ ಮತ್ತೆ ತೆರೆದ. ಯಾರೂ ತಮ್ಮ ದಿನ ಬಿಟ್ಟುಕೊಡಲಿಲ್ಲ.

"ಮೂವರದ್ದೂ ಕ್ಯಾನ್ಸಲ್ ಮಾಡ್ತೇನೆ" ಎಂದ ಐದನೆಯ ದಿನ.

"ಬೇಡ. ನೀವಿಬ್ರೂ ಹೋಗಿ. ಮಗು ಎಂತ ತಪ್ಪು ಮಾಡಿದ್ದು?"

"ನೀನಿಲ್ಲದೆ ಅಲ್ಲಿ ನಾವೆಂತ ಮಾಡುದು?"

"ಸ್ನಾನ ಮಾಡಿ."

ಚೈತನ್ಯಾ ಒಂದು ದಿನ ಹೋಗುವುದಿಲ್ಲ ಎಂದಳು. ಮರುದಿನ ಬ್ಯಾಗ್ ತುಂಬಿದಳು. ಸುಗಂಧಿ ರಜೆಯ ಅರ್ಜಿ ಹಿಂತೆಗೆದುಕೊಂಡಳು. ಆ ವಾರದ ಎರಡು ಲ್ಯಾಬ್ ತರಗತಿ ಅವಳ ಹೆಸರಿಗೇ ಮರಳಿ ಬಂದವು. ಹೊರಡುವ ಬೆಳಿಗ್ಗೆ ಅವಳೇ ಕಾರು ಓಡಿಸಿ ಇಬ್ಬರನ್ನೂ ವಿಮಾನ ನಿಲ್ದಾಣಕ್ಕೆ ಬಿಟ್ಟಳು. ಚೆಕ್‌ಇನ್ ಕೌಂಟರಿನಲ್ಲಿ ಮೂರನೆಯ ಪ್ರಯಾಣಿಕರು ಎಲ್ಲಿ ಎಂದು ಕೇಳಿದರು. ಬರುತ್ತಿಲ್ಲ ಎಂದು ರತ್ನಾಕರ ಹೇಳಿದ. ಕಂಪ್ಯೂಟರಿನ ಮುಂದಿದ್ದವಳು ಸುಗಂಧಿ ರತ್ನಾಕರ ಎಂಬ ಹೆಸರನ್ನು ಪಟ್ಟಿಯಿಂದ ತೆಗೆದಳು. ಹಾಗೆ ತೆಗೆಯಲು ಕಾರಣ ಬರೆಯಬೇಕಿರಲಿಲ್ಲ.

ಸುಗಂಧಿ ಅಲ್ಲಿಂದ ನೇರವಾಗಿ ಕಾಲೇಜಿಗೆ ಹೋಗಿ ಹತ್ತು ಗಂಟೆಯ ತರಗತಿ ತೆಗೆದುಕೊಂಡಳು. ಹೋದದ್ದು ಒಂದು ಟಿಕೆಟ್ಟು, ಎಂಟು ದಿನ. ಅದಕ್ಕೂ ಮೊದಲು, ಅವನು ಕೇಳಲಿ ಎಂದು ಕಾದ ಐದು ವಾರ.