ದಾರಿ ಹೇಳದ ಪುಟ

ಶವಪೆಟ್ಟಿಗೆಯ ಮುಚ್ಚಳ ಎತ್ತಿಕೊಂಡಿದ್ದ ನೌಕರರಿಗೆ ಸವಾಕೊ ಕೈ ಅಡ್ಡ ಹಿಡಿದಳು.

"ಮುಚ್ಚಬೇಡಿ. ನಮ್ಮ ಅತ್ತಿಗೆ ಇನ್ನೂ ಮುಖ ನೋಡಿಲ್ಲ."

"ಚಿತಾಗಾರದಲ್ಲಿ ನಮ್ಮ ಸರದಿ ತಪ್ಪುತ್ತಮ್ಮಾ," ಎಂದ ಹಿರಿಯ ನೌಕರ. "ಒಂದ್ಸಲ ಮುಚ್ಚಿದ್ರೆ ಮತ್ತೆ ತೆಗೆಯೋ ಹಾಗೂ ಇಲ್ಲ. ಬೇಗ ಬರ್ಲಿ."

ಪೆಟ್ಟಿಗೆಯಲ್ಲಿದ್ದವನು ಅವಳ ಗಂಡ ಮೊರಿಹಿಕೊ. ಕನಜಾವಾದ ಸಣ್ಣ ಕಂಪನಿಯೊಂದರಲ್ಲಿ ವೆಬ್‌ಸೈಟ್ ವಿನ್ಯಾಸಗಾರನಾಗಿದ್ದ. ಮೊನ್ನೆ ಕಚೇರಿಯಲ್ಲೇ ಕುಸಿದಿದ್ದ. ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ತೊಮಿಯೆ ವಜಿಮಾದಿಂದ ಬೆಳಗಿನ ಬಸ್ಸಿಗೇ ಹೊರಟಿದ್ದಳು. ಸವಾಕೊ ಫೋನ್ ಮಾಡಿದಳು.

"ಅತ್ತಿಗೆ, ಎಲ್ಲಿದೀರಿ?"

"ಬಂದು ಎಷ್ಟೊತ್ತಾಯ್ತೇ! ಧೂಪ ಹಾಕಿ ಕೈ ಮುಗಿದು ತಲೆ ಎತ್ತಿದ್ರೆ, ಫೋಟೊದಲ್ಲಿ ಯಾವುದೋ ಅಜ್ಜಿ!"

"ಅಯ್ಯೋ, ಅದು ಸ್ಟೇಷನ್ ಹತ್ತಿರದ ಸಭಾಂಗಣ. ನಾವಿರೋದು ಹೊಳೆ ಪಕ್ಕ."

"ಇಲ್ಲಿ ಟ್ಯಾಕ್ಸೀನೂ ಸಿಗ್ತಿಲ್ಲ. ಎರಡಿದೆ ಅಂತ ಎಲ್ಲಿ ಬರೆದಿದಾರೆ? ಮೊಬೈಲಲ್ಲಿ ಅವರ ಪುಟ ತೆಗೆದ್ರೆ ಬರೀ ಕಲ್ಲು!"

ಸವಾಕೊ ಮುಂದಿನ ಸಾಲಿನತ್ತ ತಿರುಗಿದಳು. ಗಂಡನ ಕಂಪನಿಯ ಮಾಲೀಕ ನುಮಾತಾ ಜಪಮಾಲೆ ಹಿಡಿದು ಕೂತಿದ್ದ.

"ಕೇಳಿಸ್ತಾ, ನುಮಾತಾ ಸಾನ್? ಬರೀ ಕಲ್ಲಂತೆ."

*

ಈ ಅಂತ್ಯಕ್ರಿಯೆ ಸಂಸ್ಥೆಯ ವೆಬ್ ಪುಟವನ್ನು ಮೊದಲು ಮಾಡಿದ್ದು ಮೊರಿಹಿಕೊ. ಎರಡೂ ಸಭಾಂಗಣಗಳ ವಿಳಾಸ, ಯಾರ ಕಾರ್ಯ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ದಪ್ಪಕ್ಷರದಲ್ಲಿತ್ತು. ಉಳಿದದ್ದು ಬಿಳಿ. ಕಳೆದ ವರ್ಷ ನುಮಾತಾ ಅದನ್ನು ಅಳಿಸಿ, ಝೆನ್ ಮಠದ ತೋಟದ ಹಾಗೆ ಗೆರೆ ಎಳೆದ ಮರಳಿನ ನಡುವೆ ಒಂದು ಕಲ್ಲಿನ ಚಿತ್ರವಿಟ್ಟ. ಕಲ್ಲನ್ನು ಮುಟ್ಟಿದರೆ ಮಾತ್ರ ವಿಳಾಸ ತೆರೆಯುತ್ತಿತ್ತು.

"ಇದು ಝೆನ್ ಕಣಯ್ಯಾ," ಎಂದಿದ್ದ ನುಮಾತಾ. " ಖಾಲಿ ಬಿಡಿ, ಖಾಲಿ ಬಿಡಿ ಅಂತ ತಲೆ ತಿಂತಿದ್ದವನು ನೀನೇ ಅಲ್ವಾ?"

"ಬೇಡದ್ದನ್ನ ತೆಗೀರಿ ಅಂದೆ. ನೀವು ಬಾಗಿಲನ್ನೇ ಕಿತ್ತು ಗೋಡೆ ಕಟ್ಟಿದೀರಿ. ಖಾಲಿ ಜಾಗ ಬರೋರಿಗೆ ಸಾರ್, ನಮ್ಮ ಮೆರೆದಾಟಕ್ಕಲ್ಲ. ಅಳ್ತಾ ಬಂದವರು ಕಲ್ಲು ಯಾಕೆ ಮುಟ್ತಾರೆ?"

ಆ ಪುಟಕ್ಕೆ ಪ್ರಶಸ್ತಿ ಬಂತು. ಮೊರಿಹಿಕೊನನ್ನು ಜಾಹೀರಾತು ಅಂಟಿಸುವ ಕೆಲಸಕ್ಕೆ ಹಾಕಿದರು.

*

"ಅದೊಂದು ಅನುಭವ..." ನುಮಾತಾ ತೊದಲಿದ. "ಹುಡುಕೋದ್ರಲ್ಲೇ ಒಂದು ಶಾಂತಿ..."

"ಶಾಂತಿನಾ? ಟ್ಯಾಕ್ಸಿ ಸಿಗದೆ ಬೀದೀಲಿ ನಿಂತಿದಾರೆ ನಮ್ಮ ಅತ್ತಿಗೆ! ಹೋಗಿ, ಅವರಿಗೆ ಹೇಳಿ ನಿಮ್ಮ ಶಾಂತೀನ."

ಯಾರೂ ಅವಳನ್ನು ಸುಮ್ಮನಾಗಿಸಲಿಲ್ಲ. ನೌಕರ ಮತ್ತೊಮ್ಮೆ ಗಡಿಯಾರ ನೋಡಿದ. ಸವಾಕೊ ಗಂಡನ ಕೆನ್ನೆಯ ಬಳಿ ಕೊನೆಯ ಹೂವಿಟ್ಟು ಹಿಂದೆ ಸರಿದಳು. ಮುಚ್ಚಳ ಕೂತಿತು.

ಶವದ ಗಾಡಿಯ ಹಿಂದಿನ ಬಸ್ಸಿಗೆ ಕಾಲಿಟ್ಟ ನುಮಾತಾನನ್ನು ಅವಳು ತಡೆದಳು.

"ನೀವು ಬರಬೇಡಿ. ರಸ್ತೇಲಿ ನಿಂತು ಅತ್ತಿಗೆಗೆ ದಾರಿ ತೋರಿಸಿ. ನಮ್ಮವರ ಕೆಲಸ ಅದಾಗಿತ್ತು. ಇವತ್ತೊಂದಿನ ನೀವು ಮಾಡಿ."

ಗಾಡಿ ದೀರ್ಘವಾಗಿ ಹಾರ್ನ್ ಮಾಡಿ ಹೊರಟಿತು.

ಅದು ಸೇತುವೆ ದಾಟಿದ ಮೇಲೆ ಟ್ಯಾಕ್ಸಿ ಬಂತು. ತೊಮಿಯೆ ಇಳಿದಳು.

"ಇಲ್ಲೇನಪ್ಪಾ ನಮ್ಮ ಹುಡುಗ ಇರೋದು?"

ನುಮಾತಾ ಗಾಡಿ ಹೋದ ಸೇತುವೆಯತ್ತ ಕೈ ತೋರಿಸಿದ. ಬಾಗಿಲ ಪಕ್ಕದ ಫಲಕದಿಂದ ನೌಕರ ಮೊರಿಹಿಕೊನ ಹೆಸರು ಕಿತ್ತಿದ್ದ. ಮುಂದಿನವರದ್ದು ಇನ್ನೂ ಅಂಟಿಸಿರಲಿಲ್ಲ. ತೊಮಿಯೆ ಚೀಲ ನೆಲಕ್ಕಿಟ್ಟು, ಆ ಬರೀ ಬಿಳಿ ಹಲಗೆಗೆ ನಡು ಬಗ್ಗಿಸಿ ನಮಿಸಿದಳು.